ನಾಲ್ಕನೇ ಬದಿ

ನನ್ನ ಕೈ ಮಗಳ ಹೊಸ ಮನೆಯ ಕೆಳಗೆ ಮೊಣಕೈವರೆಗೂ ಹೋಯಿತು. ಹೋಗಬಾರದಿತ್ತು. ಗೋಡೆಯ ಬುಡದಲ್ಲಿ ಕೈಗೆ ಕಲ್ಲು ತಾಗಬೇಕು, ಕಲ್ಲಿನ ಕೆಳಗೆ ಮತ್ತೂ ಕಲ್ಲು ತಾಗಬೇಕು. ನನಗೆ ತಾಗಿದ್ದು ಒಂದು ಹಳೆಯ ಚಪ್ಪಲಿಯ ಅಟ್ಟೆ. ಎಳೆದೆ, ಬಂತು.

"ಅಜ್ಜಿ, ನಮ್ಮನೆ ಕೆಳಗೆ ಇನ್ಯಾರದೋ ಮನೆ ಇದೆಯಾ?" ಎಂದಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೊಮ್ಮಗಳು. ಐದು ವರ್ಷದವಳು. ಬಾಯಿ ಒಂದು ಗಳಿಗೆ ಸುಮ್ಮನಿರದ್ದರಿಂದ ನಾವೆಲ್ಲ ಅವಳನ್ನು ಚಿನಕುರುಳಿ ಎನ್ನುತ್ತೇವೆ.

"ಇಲ್ಲ ಮಗಾ."

"ಮತ್ತೆ ಅವರ ಚಪ್ಪಲಿ?"

ಮತ್ತೆ ಕೈ ಹಾಕಿದೆ. ಪಿಂಗಾಣಿ ಬಟ್ಟಲಿನ ಚೂರು ಬಂತು, ಬಾಟಲಿಯೊಂದರ ಕುತ್ತಿಗೆ ಬಂತು, ಕರಿ ಬೂದಿ ಬಂತು. ಯಾರೂ ತೋಡದ ಹುಟ್ಟು ನೆಲದಲ್ಲಿ ಇವು ಇರುವುದಿಲ್ಲ. ಯಾವ ಕಾಲದಲ್ಲೋ ಯಾರೋ ಜೇಡಿಮಣ್ಣಿಗೆಂದು ತೋಡಿ, ಆಮೇಲೆ ಊರಿನ ಕಸವನ್ನೆಲ್ಲ ಸುರಿದು ಮುಚ್ಚಿದ ಹೊಂಡ ಇದು. ಅದರ ಮೇಲೆ ನನ್ನ ಮಗಳ ಮನೆ ಕೂತಿದೆ.

ನಾವು ಒಕ್ಕಲಾಗಿ ಹನ್ನೊಂದು ದಿನವಾಗಿತ್ತಷ್ಟೆ. ಹಿಂದಿನ ದಿನ ಮಧ್ಯಾಹ್ನ ಆ ಮನೆ ಕಂಡ ಮೊದಲ ಮಳೆ ಎರಡು ಗಂಟೆ ಬಿಡದೆ ಹೊಡೆದಿತ್ತು. ನಾಲ್ಕೂ ಕಡೆ ಇಳಿಜಾರಿನ ಹೆಂಚಿನ ಮಾಡು. ಮೇಲಿಂದ ಇಳಿದ ನೀರು ಸೂರಿನುದ್ದಕ್ಕೂ ಒಂದೇ ಗೆರೆಯಲ್ಲಿ ಬಿದ್ದು ನೆಲ ಕೊರೆದಿತ್ತು. ಮುಂದುಗಡೆ, ಎಡಕ್ಕೆ, ಬಲಕ್ಕೆ ಅದೊಂದು ಬೆರಳಾಳದ ಗೀರು. ಹಿಂದುಗಡೆ ಮಾತ್ರ ನೆಲ ಬಾಯಿ ಬಿಟ್ಟಿತ್ತು. ಸೂರಿನ ಗೆರೆಯಿಂದ ಗೋಡೆಯವರೆಗಿನ ಎರಡಡಿ ಮಣ್ಣು ಕುಸಿದು ಪಾಯದ ಕಲ್ಲು ಕಾಣುತ್ತಿತ್ತು. ಎರಡೇ ವರಸೆ ಕಲ್ಲು. ಅದರಡಿ ಒಂದು ಚಪ್ಪಡಿ, ಚಪ್ಪಡಿಯಡಿ ಕತ್ತಲು. ಚಿನಕುರುಳಿಯ ನೂಲಿನುಂಡೆ ಅಲ್ಲಿಗೆ ಉರುಳಿತ್ತೆಂದು ತೆಗೆಯಲು ಹೋದವಳು ನಾನು. ಇಲ್ಲದಿದ್ದರೆ ಹಿತ್ತಲ ಕಡೆ ಯಾರು ಬಗ್ಗಿ ನೋಡುತ್ತಾರೆ?

ತಲೆಯ ಮೇಲೆ ಕಿಟಕಿ. ಕಿಟಕಿಯೊಳಗೆ ಹೊಲಿಗೆ ಮೆಷಿನ್ನಿನ ಕಟಕಟ. ಆ ಹಿಂದಿನ ಕೋಣೆಯಲ್ಲಿ ಮಗಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಅದೇ ಗೋಡೆಗೆ ತಾಗಿಸಿ ಚಿನಕುರುಳಿಯ ಮಂಚ. ಮೆಷಿನ್ನಿನ ಸದ್ದಿಗೆ ಮಣ್ಣಿನ ಸಣ್ಣ ಸಣ್ಣ ಹೆಂಟೆ ನನ್ನ ಕಣ್ಣೆದುರೇ ಕತ್ತಲೊಳಗೆ ಉದುರುತ್ತಿತ್ತು. ಮೆಷಿನ್ನಿನ ಸದ್ದಿಗೋ, ತಾನಾಗಿಯೋ. ನನಗೆ ಹಾಗೆ ಕಂಡಿತು.

ಆಗ ನನಗೆ ನೆನಪಾದದ್ದು ಹೊಂಡವಲ್ಲ, ಗೋಡೆಯಲ್ಲ. ನಾನು ಹೇಳಿದ ಒಂದು ಮಾತು.

ಅದನ್ನು ಹೇಳಬೇಕಾದರೆ ನಮ್ಮಪ್ಪನಿಂದ ಶುರು ಮಾಡಬೇಕು. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ನಾನು ಹತ್ತು ವರ್ಷಕ್ಕೇ ತಲೆಯ ಮೇಲೆ ಗಾರೆ ಬಾಣಲಿ ಹೊತ್ತವಳು. ನನಗಿಂತ ಎಂಟು ವರ್ಷ ಚಿಕ್ಕವನು ತಮ್ಮ. ಅಮ್ಮ ಹೋದ ಮೇಲೆ ನನ್ನ ಸೊಂಟದ ಮೇಲೇ ಬೆಳೆದ. ಕೆಲಸದ ಜಾಗದಲ್ಲಿ ಮರಳ ಗುಡ್ಡೆಯ ನೆರಳಲ್ಲಿ ಮಲಗಿಸಿ ಹೋಗುತ್ತಿದ್ದೆ. ಎದ್ದರೆ ಅಳದೆ ಅಲ್ಲೇ ಕೂತು ಮರಳಲ್ಲಿ ಗೋಡೆ ಕಟ್ಟುತ್ತಿದ್ದ. ಮುಂದೆ ಅಪ್ಪನನ್ನು ಮೀರಿಸಿದ ಮೇಸ್ತ್ರಿಯಾದ. ಅವನು ಕಟ್ಟಿದ ಗೋಡೆಯ ಮೇಲೆ ನೀರಿಟ್ಟರೆ ಎತ್ತ ಹರಿಯುವುದೆಂದು ತಿಳಿಯದೆ ನಿಲ್ಲುತ್ತದೆ ಎಂಬ ಮಾತಿತ್ತು. ಊರಿನವರು ಅವನನ್ನು ಕರೆಯುವುದೇ ರಸಮಟ್ಟ ಎಂದು, ಗೋಡೆಯ ಮಟ್ಟ ನೋಡುವ ಸಾಧನದ ಹೆಸರಿಂದ.

ಅಪ್ಪನದೊಂದು ನೇಮವಿತ್ತು. ಪಾಯ ತೋಡಿಯಾದ ಮೇಲೆ, ಕಲ್ಲು ತುಂಬುವ ಮುಂಚೆ, ಆ ಮನೆಯಲ್ಲಿ ಬಾಳುವ ಹೆಂಗಸು ಗುಂಡಿಗೆ ಇಳಿದು ನಿಲ್ಲಬೇಕು. ನೆಲ ಅವಳ ಸೊಂಟ ದಾಟಬೇಕು, ಕಾಲ ಕೆಳಗೆ ಗಟ್ಟಿ ಮಣ್ಣು ಸಿಗಬೇಕು. ನಾಲ್ಕೂ ಬದಿಯಲ್ಲಿ ಹೀಗೆ ನಿಂತು ಅವಳು ಹೂಂ ಎಂದರೆ ಮಾತ್ರ ಕಲ್ಲು. "ಟೇಪು ಹಿಡಿದವನ ಮಾತು ಕೇಳ್ತದೆ, ಸೊಂಟ ಕೇಳಲ್ಲ" ಎನ್ನುತ್ತಿದ್ದ ಅಪ್ಪ. ತಮ್ಮನೂ ಆ ನೇಮ ಬಿಡಲಿಲ್ಲ. ಜನ ಅವನನ್ನು ನಂಬುತ್ತಿದ್ದದ್ದೇ ಅದಕ್ಕೆ.

ಮಗಳಿಗೆ ಈ ಜಾಗ ತೋರಿಸಿದವನೂ ತಮ್ಮನೇ. "ಬಂಡೆಯಂಥ ನೆಲ, ಕಣ್ಣು ಮುಚ್ಚಿ ತಗೊಳ್ಳಿ" ಎಂದಿದ್ದ. ಪಾಯ ನೋಡುವ ದಿನ ಮಗಳಿಗೆ ಶಾಲೆಯ ಬಟ್ಟೆ ಮುಗಿಸುವ ಗಡಿಬಿಡಿ. "ಅಮ್ಮ, ನನ್ನ ಬದಲು ನೀನೇ ಇಳಿದು ನೋಡ್ಕೊಂಡು ಬಾ. ನಿನ್ನ ಸೊಂಟ ನನ್ನ ಸೊಂಟ ಒಂದೇ ಎತ್ತರ" ಎಂದಳು. ಹೋದೆ. ಮುಂದಿನ ಬದಿಗೆ ಇಳಿದೆ, ನೆಲ ಸೊಂಟ ದಾಟಿತು. ಎಡಬದಿ, ಬಲಬದಿ, ಅಲ್ಲೂ ಹಾಗೇ. ಮೂರು ಸಲ ಇಳಿದು ಹತ್ತುವಷ್ಟರಲ್ಲಿ ನನ್ನ ಮಂಡಿ ಚಿಟಚಿಟ ಎನ್ನತೊಡಗಿತ್ತು. ಹಿಂದಿನ ಬದಿಗೆ ಹೊರಟಾಗ ತಮ್ಮ ಬಂದು ತೋಳು ಹಿಡಿದ.

"ಬೇಡಕ್ಕ. ಮಂಡಿ ಊದ್ಕೊಂಡಿದೆ ನೋಡು. ಮೂರು ಕಡೆ ಇದ್ದದ್ದು ನಾಲ್ಕನೇ ಕಡೆ ಬೇರೆ ಇರ್ತದಾ?" ಎಂದು ನೆರಳಲ್ಲಿ ಕಲ್ಲಿನ ಮೇಲೆ ಕೂರಿಸಿ ಕುಡಿಯಲು ನೀರು ಕೊಟ್ಟ. ನಾನು ಸಾಕಿದ ಹುಡುಗ ನನ್ನ ನೋವು ನೋಡಿದನಲ್ಲ ಎಂದು ಕಣ್ಣು ತುಂಬಿ ಬಂದಿತ್ತು.

ಸಂಜೆ ಮಗಳು ಕೇಳಿದಳು, "ನಾಲ್ಕೂ ಕಡೆ ಇಳಿದೆಯಾ ಅಮ್ಮ?"

"ಇಳಿದೆ" ಎಂದೆ.

ಮಂಡಿಯ ಮಾತೆತ್ತಿದರೆ ನಾಳೆಯಿಂದ ಕೆಲಸದ ಹತ್ತಿರ ಬಿಡುವುದಿಲ್ಲ, ಮನೆಯಲ್ಲಿ ಕೂರಿಸುತ್ತಾರೆ. ಅಷ್ಟಕ್ಕೇ ಹೇಳಿದ ಸುಳ್ಳು. ಉಪ್ಪಿನ ಕಲ್ಲಿನಷ್ಟು ಸುಳ್ಳು. ಅದರ ಮೇಲೆ ನಾಲ್ಕು ಗೋಡೆ ಎದ್ದವು.

ಮಾಡಿಗೆ ಹೆಂಚು ಹೊದಿಸಿದ ವಾರ ದೋಣಿಯ ಮಾತು ಬಂತು. ತೆಗೆದವನು ತಮ್ಮ.

"ಸೂರಿಗೆ ಸುತ್ತಲೂ ತಗಡಿನ ದೋಣಿ ಕಟ್ಟಿಸಿಬಿಡೋಣ. ಹೆಂಚಿನ ನೀರೆಲ್ಲ ಅದರಲ್ಲಿ ಹರಿದು, ಮೂಲೆಯ ಕೊಳವೆಯಲ್ಲಿ ಇಳಿದು, ಮನೆಯಿಂದ ದೂರ ಹೋಗ್ತದೆ."

"ದೋಣಿ ಬೇಡವೇ ಬೇಡ ಮಾವ" ಎಂದಳು ಮಗಳು. "ಬಾಡಿಗೆ ಮನೇಲಿ ಇತ್ತಲ್ಲ ಒಂದು. ಎಲೆ ತುಂಬ್ಕೊಂಡು, ಪಾರಿವಾಳ ಸತ್ತು ಬಿದ್ದು, ನೀರು ಹಿಂದಕ್ಕೆ ಹೊಡೆದು ಗೋಡೆಯೊಳಗಿಂದ ಇಳೀತು. ನನ್ನ ಇಪ್ಪತ್ತೆರಡು ಜೊತೆ ಬಟ್ಟೆ ಹಾಳಾಯ್ತು. ಈ ಮನೇಲಿ ಮಳೆ ಬಿದ್ರೆ ನನ್ನ ಕಿಟಕಿ ಮುಂದೆ ಪರದೆ ಥರ ಬೀಳ್ಲಿ. ನೋಡ್ಕೊಂಡು ಹೊಲೀತೀನಿ."

ಮಗಳ ಗಂಡ, ನಮ್ಮ ಅಳಿಯಂದಿರು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಯಾವ ಮಾತನ್ನೂ ಅದರದರ ಗೂಡಿಗೆ ಹಾಕಿಯೇ ಆಡುವುದು. "ಸೂರು ಎರಡಡಿ ಹೊರಚಾಚಿದೆ. ಅಂಗಳ ಹೊರಮುಖವಾಗಿ ಇಳಿಜಾರಿದೆ. ನೀರು ಬೀಳೋ ಗೆರೇಲಿ ಒಂದು ಸಾಲು ಜಲ್ಲಿ ಹಾಸಿದ್ರೆ ಆಯ್ತು. ಗಟ್ಟಿ ನೆಲದ ಮೇಲೆ ಕಟ್ಟಿದ ಮನೆಗೆ ದೋಣಿ ಯಾಕೆ ಬೇಕು ಹೇಳಿ" ಎಂದರು.

ಗಟ್ಟಿ ನೆಲ ಎಂದಾಗ ತಮ್ಮ ನನ್ನ ಮುಖ ನೋಡಿದ. ಅಕ್ಕ ನನ್ನ ಪರ ಮಾತಾಡಲಿ ಎಂದು ನೋಡುತ್ತಿದ್ದಾನೆ ಅಂದುಕೊಂಡೆ. ಮಾತಾಡಿದೆ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದರೆ ಗೋಡೆಯ ಕೆಳಗಿನ ಮೊಳದಷ್ಟು ಸುಣ್ಣ ಕೆಂಪಾಗುತ್ತದೆ, ಬಾಗಿಲಿಗೆ ಬಂದವರ ಕುತ್ತಿಗೆಯೊಳಗೆ ನೀರು ಇಳಿಯುತ್ತದೆ, ಎಲೆ ತುಂಬಿದರೆ ನಾನೇ ಏಣಿ ಹಾಕಿ ತೆಗೆಯುತ್ತೇನೆ ಎಂದೆಲ್ಲ ಹೇಳಿದೆ.

"ಏಣಿ ಹತ್ತೋ ವಯಸ್ಸು ನೋಡು" ಎಂದು ಮಗಳು ನಕ್ಕಳು. "ನಿನ್ನ ತಮ್ಮ ಸೂರಿಗೆ ಹಗ್ಗ ಕಟ್ಟಿ ಜೋಕಾಲಿ ಆಡೋಣ ಅಂದ್ರೂ ನೀನು ಹೂಂ ಅಂತೀಯ."

"ನಾನೇ ಮಾಡಿಸಿ ತರ್ತೀನಿ. ನನ್ನ ಉಡುಗೊರೆ ಅಂದ್ಕೋ" ಎಂದ ತಮ್ಮ.

"ಉಡುಗೊರೆ ಕೊಡೋದಾದ್ರೆ ನನ್ನ ಮೆಷಿನ್ನಿಗೊಂದು ದೀಪ ಕೊಡು ಮಾವ."

ಎಲ್ಲರೂ ನಕ್ಕೆವು. ತಮ್ಮ ನಗಲಿಲ್ಲ. ಆಮೇಲೂ ನಾಲ್ಕು ಸಲ ಬಂದು ದೋಣಿ ಎಂದ. ಕೊನೆಯ ಸಲ, "ಹಿಂದುಗಡೆಗಾದ್ರೂ ಹಾಕಿಸು ಮಗಳೇ, ಹಿಂದುಗಡೆಗೆ ಮಾತ್ರ ಸಾಕು" ಎಂದಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಯಾರೂ ಏನೂ ಅನ್ನದೆಯೇ ಹೆಗಲು ಮುಟ್ಟಿಕೊಳ್ಳುತ್ತಿದ್ದ. ನಾನು ನೋಡುತ್ತಲೇ ಇದ್ದೆ, ಕಾಣಲಿಲ್ಲ.

ಚಪ್ಪಲಿಯ ಅಟ್ಟೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಚಿನಕುರುಳಿಯನ್ನು ಬೇಲಿಯ ಕಡೆ ಕಳಿಸಿ, ಗೋಡೆ ಹತ್ತಿರ ಬಂದರೆ ಕಾಲು ಮುರಿಯುತ್ತೇನೆ ಎಂದಿದ್ದೆ. ಅಂಥ ಮಾತು ನನ್ನಿಂದ ಯಾವತ್ತೂ ಕೇಳದವಳು ಬೇಲಿಗೊರಗಿ ಕಣ್ಣರಳಿಸಿ ನಿಂತಿದ್ದಳು. ತಮ್ಮನಿಗೆ ಹೇಳಿ ಕಳಿಸಬೇಕು ಎಂದು ಏಳುವಷ್ಟರಲ್ಲಿ ಅವನೇ ಬಂದ. ಕೈಗಾಡಿ ತಳ್ಳಿಕೊಂಡು ಬಂದ. ಗಾಡಿಯ ಮೇಲೆ ಹೊಸ ತಗಡಿನ ದೋಣಿಗಳು, ಹಗ್ಗ ಬಿಗಿದು ಕಟ್ಟಿದ್ದವು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಯಾವಾಗ ಮಾಡಿಸಿದನೋ.

"ಮಳೆ ಬಂತಲ್ಲ ಅಕ್ಕ, ಅದಕ್ಕೇ..." ಎನ್ನುತ್ತ ಹಿತ್ತಲಿಗೆ ತಿರುಗಿದವನು ಬಾಯಿ ಬಿಟ್ಟ ನೆಲ ನೋಡಿದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ಗಾಡಿಯ ಹಿಡಿಕೆ ಕೈ ತಪ್ಪಿತು. ಗಾಡಿ ಮುಂದಕ್ಕೆ ವಾಲಿ ತಗಡುಗಳು ಒಂದರ ಮೇಲೊಂದು ಜಾರಿದವು. ಒಳಗೆ ಮೆಷಿನ್ನು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಎಷ್ಟಡಿ ತೋಡಿದ್ದೆ ಇಲ್ಲಿ?" ಎಂದೆ.

"ಆರಡಿ ಹೋದೆ ಅಕ್ಕ. ಕಸ ಮುಗೀಲೇ ಇಲ್ಲ. ಬಗೆದಷ್ಟೂ ಬೂದಿ, ಬಾಟ್ಲಿ. ಮಣ್ಣು ವಾಪಸ್ಸು ತುಂಬಿ, ದಿಮ್ಮಸು ಹೊಡೆದು, ಅಗಲ ಚಪ್ಪಡಿ ಹಾಕಿ ಅದರ ಮೇಲೆ ಕಟ್ಟಿದೆ."

"ಯಾಕೆ?"

"ಜಾಗ ತೋರಿಸಿದವನು ನಾನೇ ಅಲ್ವಾ? ಬಂಡೆಯಂಥ ನೆಲ ಅಂದವನು ನಾನೇ ಅಲ್ವಾ?" ಅವನ ದನಿ ಸಣ್ಣಗಾಗಿತ್ತು. "ಒಣಗಿದ್ರೆ ನಿಲ್ತದೆ ಅಕ್ಕ. ನೀರು ತಾಗಬಾರದು ಅಷ್ಟೆ. ಅದಕ್ಕೇ ದೋಣಿ ದೋಣಿ ಅಂತ ಬಡ್ಕೊಂಡೆ."

"ಮಂಡಿ ನೋವು ಅಂತ ನನ್ನ ಕೂರಿಸಿದ್ದು?"

ಅವನು ತಲೆ ತಗ್ಗಿಸಿದ. ಅವನು ಕೊಟ್ಟ ಆ ನೀರಿನ ರುಚಿ ನನ್ನ ಬಾಯಲ್ಲಿ ಈಗ ಕಹಿಯಾಗಿ ಬಂತು. ಹೊಡೆಯಬೇಕು ಎನ್ನಿಸಿತು. ಅರವತ್ತು ದಾಟಿದ ತಮ್ಮನಿಗೆ ಹೇಗೆ ಹೊಡೆಯುವುದು?

"ಅವತ್ತು ಸಂಜೆ ಎಲ್ಲಾ ಹೇಳಿಬಿಡೋಣ ಅಂತಲೇ ಬಂದೆ ಅಕ್ಕ" ಎಂದ. "ಬಾಗಿಲ ಹತ್ರಾನೇ ಅಳಿಯ ಸಿಕ್ಕಿದ್ರು. ಅತ್ತೆ ನಾಲ್ಕೂ ಕಡೆ ಇಳಿದು ನೋಡಿದ್ರಂತೆ, ಇನ್ನು ನಮಗೆ ಚಿಂತೆ ಇಲ್ಲ ಅಂದ್ರು. ನಾಲ್ಕನೇ ಕಡೆ ನೀನು ಇಳೀಲಿಲ್ಲ ಅಂತ ನನಗೊಬ್ಬನಿಗೇ ಗೊತ್ತು. ಇಳಿಯದೆ ಇಳಿದೆ ಅಂದಿದ್ದಾಳೆ ಅಂದ್ರೆ ಅಕ್ಕನಿಗೆ ಗೊತ್ತಾಗಿದೆ, ಗೊತ್ತಾಗಿಯೂ ನನ್ನ ಮರ್ಯಾದೆ ಉಳಿಸಿದ್ದಾಳೆ ಅಂದ್ಕೊಂಡೆ. ಇನ್ನು ನಾನು ಬಾಯಿ ಬಿಟ್ರೆ ನಿನ್ನ ಸುಳ್ಳುಗಾತಿ ಮಾಡಿದ ಹಾಗೆ. ಆಮೇಲೆ ದೋಣಿ ವಿಷಯದಲ್ಲಿ ನೀನೂ ನನ್ನ ಜೊತೆ ಸೇರ್ಕೊಂಡೆಯಲ್ಲ..."

"ನನಗೆ ಏನೂ ಗೊತ್ತಿರಲಿಲ್ಲ."

"ಏನೂ?"

"ಏನೂ."

ಅವನು ಹಾಗೇ ನೆಲಕ್ಕೆ ಕುಸಿದು ಕೂತ. ಇಷ್ಟು ತಿಂಗಳು ಇಬ್ಬರು ಹೊರುತ್ತಿದ್ದೇವೆ ಎಂದುಕೊಂಡಿದ್ದ ಹೊರೆಯನ್ನು ತಾನೊಬ್ಬನೇ ಹೊತ್ತಿದ್ದೆ ಎಂದು ಅವನಿಗೆ ಆಗ ತಿಳಿಯಿತು. ನನ್ನ ಸಣ್ಣ ಸುಳ್ಳೇ ಅವನ ಬಾಯಿಗೆ ಬೀಗ ಹಾಕಿತ್ತು ಎಂದು ನನಗೂ ಆಗಲೇ ತಿಳಿಯಿತು. ಅರವತ್ತು ವರ್ಷದಿಂದ ನೋಡಿದ ಮುಖ, ಯಾರದೋ ಎಂಬಂತಿತ್ತು.

ಅವನು ಬಾಯಿ ಬಿಟ್ಟ ನೆಲದ ಕಡೆ ಕೈ ತೋರಿಸಿದ. "ಈಗ ಇದನ್ನ ತುಂಬಿ ಮುಚ್ಚಿಬಿಡ್ತೀನಿ. ಸಂಜೆಯೊಳಗೆ ದೋಣಿ ಕಟ್ತೀನಿ. ಆಮೇಲೆ ನೀರು ಬೀಳಲ್ಲ. ಮಳೆ ನೋಡಿ ಹೆದರಿಕೊಂಡೆ, ದೋಣಿ ಕಟ್ಟು ಅಂತ ನಾನೇ ಹೇಳಿದೆ ಅಂತ ನೀನೊಂದು ಮಾತು ಹೇಳು. ನಿನ್ನ ಮಾತು ನಂಬ್ತಾರೆ."

ನಿಜ, ನಂಬುತ್ತಿದ್ದರು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಇನ್ನೊಂದು ಉಪ್ಪಿನ ಕಲ್ಲಿನಷ್ಟು ಸುಳ್ಳು ನಾಲಗೆಯ ತುದಿಗೇ ಬಂದು ಕೂತಿತ್ತು. ಬೇಲಿಯ ಬಳಿಯಿಂದ ಚಿನಕುರುಳಿ ಕೂಗಿದಳು, "ಅಜ್ಜಿ, ನಾನು ಒಳಗೆ ಹೋಗಿ ಮಲಗ್ಲಾ? ನಿದ್ದೆ ಬರ್ತಿದೆ."

ಎದ್ದೆ. ಮಂಡಿ ನೋಯಿತೋ ಇಲ್ಲವೋ ನೆನಪಿಲ್ಲ. ಅವಳ ಕೈ ಹಿಡಿದು ಮುಂಬಾಗಿಲಿಂದ ಒಳಗೆ ಹೋಗಿ, ಅವಳನ್ನು ಜಗಲಿಯಲ್ಲೇ ಕೂರಿಸಿ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತೆ. ಅಂದು ರಜೆ. ಅಳಿಯಂದಿರು ಕತ್ತರಿಸಿದ ಬಟ್ಟೆ ಜೋಡಿಸಿಕೊಡುತ್ತಿದ್ದರು.

"ಮೆಷಿನ್ನು ನಿಲ್ಲಿಸು. ಇಬ್ಬರೂ ಈ ಕೋಣೆಯಿಂದ ಹೊರಗೆ ಬನ್ನಿ" ಎಂದೆ.

ಮಗಳು ಚಕ್ರದ ಮೇಲೆ ಅಂಗೈಯಿಟ್ಟು ನಿಲ್ಲಿಸಿದಳು. "ಏನಮ್ಮ? ಕೈಯಲ್ಲೇನದು, ಯಾರ ಚಪ್ಪಲಿ?"

"ನಾನು ಮೂರೇ ಕಡೆ ಇಳಿದದ್ದು."

ಅವಳಿಗೆ ಅರ್ಥವಾಗಲಿಲ್ಲ. ಅಳಿಯಂದಿರಿಗೆ ಅರ್ಥವಾಯಿತು. ಅವರ ಕೈಯಲ್ಲಿದ್ದ ಬಟ್ಟೆಯ ಕಟ್ಟು ಹಾಗೇ ನಿಂತಿತು. "ಪಾಯದ ಗುಂಡಿಗಾ ಅತ್ತೆ?"

"ಹೌದು. ಹಿಂದಿನ ಬದಿಗೆ ಇಳೀಲಿಲ್ಲ. ಇಲ್ಲಿ ಕೆಳಗೆ ಪಾಯ ಇಲ್ಲ. ಕಸದ ಹೊಂಡ ಇದೆ."

"ಅಮ್ಮ, ನಾನು ಕೇಳಿದ್ದೆ" ಎಂದಳು ಮಗಳು, ಬಹಳ ನಿಧಾನವಾಗಿ.

"ಕೇಳಿದ್ದೆ."

"ನಾಲ್ಕೂ ಅಂದೆ ನೀನು."

"ಅಂದೆ."

ಅವಳು ನನ್ನನ್ನು ನೋಡಲಿಲ್ಲ. ಗೋಡೆಗೆ ತಾಗಿದ ಪುಟ್ಟ ಮಂಚ ನೋಡಿದಳು. ಅದರ ಮೇಲೆ ಮಡಚಿಟ್ಟ ಹೂವಿನ ಹೊದಿಕೆ ನೋಡಿದಳು. ಹನ್ನೊಂದು ರಾತ್ರಿ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಎದ್ದು ಮಂಚದ ಒಂದು ತುದಿ ಹಿಡಿದಳು, ಗಂಡ ಇನ್ನೊಂದು ತುದಿ ಹಿಡಿದರು. ಮಂಚ, ಮೆಷಿನ್ನು, ಬಟ್ಟೆಯ ಮೂಟೆ ಎಲ್ಲ ಮುಂದಿನ ಜಗಲಿಗೆ ಬಂದವು. ನಾನು ಮೂಟೆಗೆ ಕೈ ಹಾಕಿದರೆ, "ನೀನು ಮುಟ್ಟಬೇಡ" ಎಂದಳು. ಅಷ್ಟೆ ಅಂದದ್ದು.

ಆಮೇಲೆ ಹಿತ್ತಲಿಗೆ ಹೋದಳು. ತಮ್ಮ ಒಂದು ತಗಡಿನ ತುಂಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಮಗಳು ಬಗ್ಗಿ ಕತ್ತಲೊಳಗೆ ನೋಡಿದಳು, ತಾನೂ ಕೈ ಹಾಕಿದಳು, ಮೊಣಕೈವರೆಗೆ. ಎದ್ದು ಕೈ ಒರೆಸಿಕೊಂಡಳು.

"ಮೇಸ್ತ್ರೀ" ಎಂದಳು, "ಇದನ್ನ ಎಷ್ಟು ದಿನದಲ್ಲಿ ಸರಿ ಮಾಡ್ತೀರಿ?"

ಹುಟ್ಟಿದಾಗಿನಿಂದ ಮಾವ, ನೀನು ಎಂದವಳು. ತಮ್ಮನ ಮುಖ ಸುಣ್ಣವಾಯಿತು. ಅದಕ್ಕಿಂತ ಅವಳು ಚಪ್ಪಲಿಯ ಅಟ್ಟೆಯಿಂದ ಹೊಡೆದಿದ್ದರೆ ಅವನಿಗೆ ಸುಖವಿತ್ತು.

ಅಳಿಯಂದಿರು ಸಂಜೆ ಬೇರೊಬ್ಬ ಮೇಸ್ತ್ರಿಯನ್ನು ಕರೆತಂದರು. ಅವನು ಕಡ್ಡಿ ಚುಚ್ಚಿ, ಗೋಡೆ ತಟ್ಟಿ, ಸುತ್ತು ಬಂದು ಹೇಳಿದ: "ಗೋಡೆ ಇನ್ನೂ ಬಿರುಕು ಬಿಟ್ಟಿಲ್ಲ. ಗೋಡೆ ಬೀಳದ ಹಾಗೆ ಊರೆ ಕೊಟ್ಟು, ಮೂರ್ಮೂರು ಅಡಿಯಂತೆ ಗಟ್ಟಿ ನೆಲದವರೆಗೂ ತೋಡಿ ಕಲ್ಲು ತುಂಬ್ತಾ ಹೋದ್ರೆ ಉಳೀತದೆ. ಇನ್ನೆರಡು ಮಳೆ ಬಿದ್ದಿದ್ರೆ ನನ್ನ ಕರೆಯೋ ಕೆಲಸ ಇರ್ತಿರಲಿಲ್ಲ."

"ದೋಣಿ ಕಟ್ಟಿದ್ದಿದ್ರೆ?" ಎಂದು ಕೇಳಿದರು ಅಳಿಯಂದಿರು.

"ಕಟ್ಟಿದ್ದಿದ್ರೆ ನಾಲ್ಕೈದು ವರ್ಷ ಏನೂ ಕಾಣ್ತಿರಲಿಲ್ಲ. ಆಮೇಲೆ ಒಂದು ದಿನ ಎಲ್ಲಾ ಒಟ್ಟಿಗೇ ಕಾಣ್ತಿತ್ತು."

ನಾನು ಆ ದೋಣಿಗಾಗಿ ಎಷ್ಟು ವಾದ ಮಾಡಿದ್ದೆ. ಏಣಿ ಹತ್ತುತ್ತೇನೆ ಎಂದಿದ್ದೆ.

ತೋಡುವ ಕೆಲಸ ತಮ್ಮನೇ ಮಾಡುತ್ತೇನೆಂದ. ಅಳಿಯಂದಿರಿಗೆ ಮನಸ್ಸಿರಲಿಲ್ಲ. "ಮುಚ್ಚಿದ ಕೈಯೇ ತೆಗೀಲಿ, ಆ ಇನ್ನೊಬ್ಬರು ನಿಂತು ನೋಡ್ಲಿ" ಎಂದಳು ಮಗಳು. ಹಾಗೇ ಆಯಿತು. ಗೋಡೆಗೆ ಮರದ ಊರೆ ಕೊಟ್ಟರು. ಆಳು ಇಟ್ಟುಕೊಳ್ಳದೆ, ಅವನೊಬ್ಬನೇ ಮೂರು ದಿನ ಮೊದಲ ತುಂಡು ತೋಡಿದ. ಬಾಟಲಿ, ಬೂದಿ, ಮುರಿದ ಬೊಂಬೆಯ ಕೈ, ತಳ ಹೋದ ಬಕೆಟ್ಟು ಎಲ್ಲ ಮೇಲೆ ಬಂದು ರಾಶಿಯಾಯಿತು. ಚಿನಕುರುಳಿ ಬೊಂಬೆಯ ಕೈ ಎತ್ತಿಕೊಂಡು, "ಚಪ್ಪಲಿಯವರ ಮನೇಲಿ ಮಗುನೂ ಇತ್ತು" ಎಂದಳು. ಯಾರೂ ನಗಲಿಲ್ಲ. ಮಗಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ನೀರು ಕಾದಿದೆ, ಊಟ ಆಯ್ತಾ, ಅಷ್ಟೇ. ದೋಣಿ ಬೇಕೋ ಬೇಡವೋ ಎನ್ನುವುದನ್ನು ಯಾರೂ ಎತ್ತಲಿಲ್ಲ. ತಗಡುಗಳು ಬೇಲಿಯ ಪಕ್ಕ ಬಿದ್ದುಕೊಂಡಿದ್ದವು.

ನಾಲ್ಕನೇ ದಿನ ತಮ್ಮ ಹತ್ತಿ ಬಂದು, ಯಾರ ಮುಖವನ್ನೂ ನೋಡದೆ, "ಗಟ್ಟಿ ನೆಲ ಸಿಕ್ತು ಅನ್ನಿಸ್ತದೆ. ಇಳಿದು ನೋಡಬೇಕು" ಎಂದ.

ಮಗಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳಿಗಿಂತ ಮುಂಚೆ ನಾನು ಏಣಿಯ ಬಳಿ ಹೋದೆ.

"ನಿನ್ನ ಮಂಡಿ" ಎಂದಳು.

"ಒಂದು ಬದಿ ಬಾಕಿ ಇದೆ ನನ್ನದು."

ಅವಳು ಏಣಿಯ ಒಂದು ಕಾಲು ತಾನು ಹಿಡಿದಳು. ಇನ್ನೊಂದನ್ನು ತಮ್ಮ ಹಿಡಿದ. ಒಂದೊಂದೇ ಮೆಟ್ಟಿಲು ಇಳಿದೆ. ನೆಲ ಸೊಂಟ ದಾಟಿತು, ಎದೆ ದಾಟಿತು, ತಲೆ ಮುಳುಗಿತು. ಇನ್ನೂ ಮೆಟ್ಟಿಲಿದ್ದವು. ಪಕ್ಕದಲ್ಲಿ ಕಪ್ಪು ಮಣ್ಣು, ಬೂದಿಯ ಗೆರೆ, ಗಾಜು. ಇದರ ಮೇಲೆ ನನ್ನ ಮೊಮ್ಮಗಳನ್ನು ಮಲಗಿಸಿದ್ದೆ ಎಂದು ಪ್ರತಿ ಮೆಟ್ಟಿಲಿಗೂ ಹೊಸದಾಗಿ ನೆನಪಾಗುತ್ತಿತ್ತು. ಕೊನೆಗೆ ಬರಿಗಾಲಿಗೆ ತಣ್ಣನೆಯ ಕೆಂಪು ನೆಲ ತಾಗಿತು. ಮೇಲೆ ನೋಡಿದರೆ ಒಂದು ತುಂಡು ಆಕಾಶ, ಅದರ ಅಂಚಿನಲ್ಲಿ ಎರಡು ತಲೆ.

"ಸಿಕ್ತಾ ಅಮ್ಮ ಗಟ್ಟಿ ನೆಲ?"

ಹೂಂ ಎನ್ನಲಿಲ್ಲ. ಹಿಮ್ಮಡಿಯಿಂದ ಒಂದು ಕಡೆ ತುಳಿದೆ, ಮತ್ತೊಂದು ಕಡೆ ತುಳಿದೆ. ಗೋಡೆಯ ಕೆಳಗಿನ ಮೂಲೆಯವರೆಗೂ ಕಾಲೆಳೆದುಕೊಂಡು ಹೋಗಿ ಅಲ್ಲೂ ತುಳಿದೆ. ಅವರು ಕಾದರು.

"ಇಲ್ಲಿ ಗಟ್ಟಿ ಇದೆ" ಎಂದೆ. "ಈ ಮೂಲೇಲಿ ಇನ್ನೂ ಮೆತ್ತಗಿದೆ. ಒಂದು ಗೇಣು ತೆಗೀಬೇಕು."

ಮೇಲಿಂದ ಹಗ್ಗಕ್ಕೆ ಕಟ್ಟಿದ ಗುದ್ದಲಿ ನಿಧಾನವಾಗಿ ಇಳಿದು ಬಂತು. ಅದರ ಹಿಂದೆಯೇ, ಏಣಿಯ ಮೇಲೆ, ತಮ್ಮನ ಕಾಲುಗಳು.